ಕಟ್‌ಆಫ್ ಮೀರಿದ ಒಂಬತ್ತು ನಿಮಿಷ

ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಕಾಲಿಟ್ಟ ಮೇಲೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಪದ ‘ಕಟ್‌ಆಫ್’. ಕ್ಯಾಂಟೀನಿನಲ್ಲಿ ಅದೇ, ಸಿಟಿ ಬಸ್ಸಿನಲ್ಲಿ ಅದೇ, ಮನೆಗೆ ಬಂದ ನೆಂಟರ ಬಾಯಲ್ಲೂ ಅದೇ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಇದ್ದವರು ಮಾತ್ರ ಟೆಸ್ಟಿಗೆ ಕೂರಬಹುದು ಎನ್ನುವುದು ಕ್ಯಾಂಪಸ್ಸಿಗೆ ಬರುವ ಹಲವು ಕಂಪನಿಗಳ ನಿಯಮ. ನನಗೆ ಎಸ್ಸೆಸ್ಸೆಲ್ಸಿಯಲ್ಲಿ 84, ಬಿಇಯಲ್ಲಿ ಇಲ್ಲಿಯವರೆಗೆ 72. ನಡುವಿನ ಪಿಯುಸಿಯಲ್ಲಿ 57. ಆ ವರ್ಷ ಅಪ್ಪ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಅಮ್ಮ ಅಪ್ಪನ ಜತೆಗೆ, ನಾನು ತಂಗಿಯ ಜತೆಗೆ ಮನೆಯಲ್ಲಿ. ಪ್ಲೇಸ್‌ಮೆಂಟಿನ ಗೂಗಲ್ ಫಾರ್ಮಿನಲ್ಲಿ ಅಂಕ ತುಂಬಲು ಕಾಲಂ ಇದೆ, ಕಾರಣ ತುಂಬಲು ಇಲ್ಲ.

ಇದೇ ಕಟ್‌ಆಫ್‌ಗೆ ಇನ್ನೊಂದು ಅರ್ಥವೂ ಇದೆ ಎಂದು ನಾನು ಕಲಿತದ್ದು ಕಳೆದ ಫೆಬ್ರುವರಿಯ ಒಂದು ಭಾನುವಾರ. ಕಲಿಸಿದ್ದು ಮಂಗಳೂರಿನ ಸುತ್ತಲಿನ ಕೆಂಪುಕಲ್ಲಿನ ಗುಡ್ಡೆಗಳು.

ಡಾಂಬರು ಮುಗಿದಲ್ಲಿಂದ ಶುರು

ರಸ್ತೆ ಸೈಕ್ಲಿಂಗ್ ಗೊತ್ತು, ಬೆಟ್ಟದ ಎಂಟಿಬಿ ಸೈಕ್ಲಿಂಗ್ ಗೊತ್ತು. ಇವೆರಡರ ನಡುವೆ ಹುಟ್ಟಿಕೊಂಡದ್ದು ‘ಗ್ರಾವೆಲ್’. ಅಂದರೆ ಜಲ್ಲಿ, ಮಣ್ಣು, ತೋಟದ ದಾರಿ, ಕಾಡಿನ ದಾರಿಗಳಲ್ಲಿ ದೂರದ ಸವಾರಿ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ 34 ಮಂದಿ ಸೇರಿ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ಮಣ್ಣು ದಾರಿಯಲ್ಲಿ ಸೈಕಲ್ ತುಳಿದರು. ಈಗ ಅದರ ಹೆಸರು ‘ಅನ್‌ಬೌಂಡ್ ಗ್ರಾವೆಲ್’, ಭಾಗವಹಿಸುವವರು ಸಾವಿರಾರು. ಅಲ್ಲಿನ ಬೆಣಚುಕಲ್ಲಿನ ಚೂರುಗಳು ಬ್ಲೇಡಿನಂತೆ ಟೈರು ಕೊಯ್ಯುತ್ತವೆ ಎಂಬುದೇ ಅದರ ಖ್ಯಾತಿ. 2022ರಲ್ಲಿ ಇಟಲಿಯ ವೆನೆಟೊದಲ್ಲಿ ಗ್ರಾವೆಲ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ನಾನು ಹೋದದ್ದು ಅಷ್ಟು ದೊಡ್ಡದಕ್ಕಲ್ಲ. ನಗರದ ಕೆಲವು ಹವ್ಯಾಸಿ ಸೈಕ್ಲಿಸ್ಟ್‌ಗಳು ಸೇರಿ ಮಾಡಿದ, ಬ್ಯಾನರೂ ಇಲ್ಲದ ಒಂದು ಸವಾರಿ. 64 ಕಿ.ಮೀ. ದೂರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣುದಾರಿ, ಕೊಟ್ಟ ಸಮಯ ಆರು ಗಂಟೆ. ಫಸ್ಟ್, ಸೆಕೆಂಡ್ ಎಂದಿಲ್ಲ, ಬಹುಮಾನವೂ ಇಲ್ಲ. ನಿಯಮ ಮೂರೇ: ಹೆಲ್ಮೆಟ್ ಕಡ್ಡಾಯ, ರಿಪೇರಿ ನೀವೇ ಮಾಡಿಕೊಳ್ಳಬೇಕು, ಮಧ್ಯಾಹ್ನ 12ರೊಳಗೆ ವಾಪಸ್ ಮುಟ್ಟಬೇಕು.

ಮಂಗಳೂರಿಗೆ ಇಂಥ ಲೆಕ್ಕಾಚಾರ ಹೊಸತೇನಲ್ಲ. ಇಲ್ಲಿಂದ ‘ಬ್ರೆವೆ’ ಎಂಬ ದೂರದ ರಸ್ತೆ ಸವಾರಿಗಳು ನಡೆಯುತ್ತಲೇ ಇರುತ್ತವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ಅಲ್ಲಿಯೂ ರ‍್ಯಾಂಕ್ ಇಲ್ಲ, ಸಮಯದ ಗಡಿ ಮಾತ್ರ. ಇನ್ನು ಕರ್ನಾಟಕದ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ, ಗದಗ ಎಂದು ಕ್ರೀಡಾಪುಟ ಓದುವವರಿಗೆಲ್ಲ ಗೊತ್ತು. ಗದಗದ ಬಳಿಯ ಬಿಂಕದಕಟ್ಟಿಯ ಗುಡ್ಡದಲ್ಲಿ ರಾಷ್ಟ್ರೀಯ ಮಟ್ಟದ ಎಂಟಿಬಿ ಸ್ಪರ್ಧೆಯೂ ಆಗಿದೆ. ನಮ್ಮ ಕರಾವಳಿಯ ಹುಡುಗರು ಕಬಡ್ಡಿ, ಕ್ರಿಕೆಟ್, ಕಂಬಳ ಎಂದು ಓಡಾಡುವವರು. ಸೈಕಲ್ ಎಂದರೆ ಹೈಸ್ಕೂಲಿನಲ್ಲಿ ಬಿಟ್ಟುಬಂದ ವಸ್ತು.

ನನ್ನ ಸೈಕಲ್ ಹಾಸ್ಟೆಲಿನ ಸೀನಿಯರ್ ಒಬ್ಬರು ಕೋರ್ಸ್ ಮುಗಿಸಿ ಹೋಗುವಾಗ ಆರು ಸಾವಿರಕ್ಕೆ ಕೊಟ್ಟದ್ದು. ಹಳೆಯ ಎಂಟಿಬಿ, 26 ಇಂಚಿನ ಚಕ್ರ. ಗ್ರಾವೆಲ್ ಸೈಕಲ್ಲಿಗೆ ಲಕ್ಷದ ಮೇಲೆ ಬೆಲೆ ಇದೆ ಎಂದು ಅಂತರ್ಜಾಲದಲ್ಲಿ ನೋಡಿ ಸುಮ್ಮನಾಗಿದ್ದೆ. ಹೆಸರು ನೋಂದಾಯಿಸುವಾಗ, ‘ಇದರಲ್ಲಿ ಬರಬಹುದಾ ಸರ್?’ ಎಂದು ಕೇಳಿದೆ. ‘ಎರಡು ಚಕ್ರ ಉಂಟಲ್ಲ? ಸಾಕು’ ಎಂದರು. ಎಷ್ಟು ಓಡಿಸಿದ್ದೀ, ಯಾವ ಕಾಲೇಜು, ಹಿಂದೆ ಎಲ್ಲಿ ಭಾಗವಹಿಸಿದ್ದೀ ಎಂದು ಯಾರೂ ಕೇಳಲಿಲ್ಲ. ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಸಿಲೆಬಸ್ಸಿನಲ್ಲಿದ್ದ ಗಾಳಿ

ಹಿಂದಿನ ದಿನ ಟೈರಿಗೆ ಎಷ್ಟು ಗಾಳಿ ಹಾಕಬೇಕು ಎಂಬ ಪ್ರಶ್ನೆ ಬಂತು. ಗಟ್ಟಿಯಾಗಿ ತುಂಬಿಸಿದರೆ ವೇಗ ಎಂದು ನಾವೆಲ್ಲ ನಂಬಿದ್ದೇವೆ. ನುಣುಪಾದ ರಸ್ತೆಯಲ್ಲಿ ಅದು ಹೆಚ್ಚುಕಡಿಮೆ ಸರಿ. ಆದರೆ ಒತ್ತಡ ಎಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಹೈಸ್ಕೂಲಿನಲ್ಲೇ ಓದಿದ್ದೆವಲ್ಲ, ಅದನ್ನೇ ಇಲ್ಲಿಗೆ ಹಾಕಿ ನೋಡಿ. ಹಿಂದಿನ ಚಕ್ರದ ಮೇಲೆ 45 ಕಿಲೊ ಭಾರ ಇದೆ ಎಂದುಕೊಳ್ಳಿ. 80 ಪಿಎಸ್‌ಐ ಗಾಳಿ ಇದ್ದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 8 ಚದರ ಸೆಂ.ಮೀ. ಗಾಳಿಯನ್ನು 40ಕ್ಕೆ ಇಳಿಸಿದರೆ 16 ಚದರ ಸೆಂ.ಮೀ. ಹಿಡಿತ ದುಪ್ಪಟ್ಟಾಯಿತು ಎಂದು ನೇರವಾಗಿ ಹೇಳಲಾಗದು. ಆದರೆ ಟೈರು ಕಲ್ಲಿಗೆ ಬಡಿದು ಚಿಮ್ಮುವ ಬದಲು ಕಲ್ಲನ್ನು ಒಳಗೆ ತೆಗೆದುಕೊಂಡು ಉರುಳುತ್ತದೆ. ತೀರಾ ಇಳಿಸಿದರೂ ಕಷ್ಟ. ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ನಾನು 38ಕ್ಕೆ ನಿಲ್ಲಿಸಿದೆ. ನಾಲ್ಕು ಸೆಮಿಸ್ಟರಿನಲ್ಲಿ ಕಲಿತದ್ದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು!

ಕೆಂಪುಕಲ್ಲಿನ ಪರೀಕ್ಷೆ

ಬೆಳಿಗ್ಗೆ ಆರಕ್ಕೆ ಮಂಗಳಾ ಕ್ರೀಡಾಂಗಣದ ಎದುರಿನಿಂದ ಹೊರಟ ನಾವು ನಲವತ್ತರ ಆಸುಪಾಸು ಮಂದಿ. ಪಂಪ್‌ವೆಲ್, ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆ. ಅಲ್ಲಿಯವರೆಗೆ ಡಾಂಬರು. ಬೆಳಗಿನ ತಂಪು ಗಾಳಿ, ಖಾಲಿ ರಸ್ತೆ. ಇಷ್ಟೇನಾ ಅನ್ನಿಸಿತು. ಕೊಣಾಜೆಯ ವಿಶ್ವವಿದ್ಯಾಲಯ ದಾಟಿ ಮಣ್ಣಿನ ದಾರಿಗೆ ಇಳಿದ ಮೇಲೆ ಮಾತು ನಿಂತಿತು.

ನಮ್ಮೂರಿನ ಕೆಂಪುಕಲ್ಲು, ಮುರಕಲ್ಲು ಎಂದು ಕರೆಯುವ ಲ್ಯಾಟರೈಟ್, ಮನೆ ಕಟ್ಟಲು ಎಷ್ಟು ಒಳ್ಳೆಯದೋ ಸೈಕಲ್ಲಿಗೆ ಅಷ್ಟೇ ಕಷ್ಟ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿಯುವ ಮಳೆ ಲಕ್ಷಾಂತರ ವರ್ಷ ಮಣ್ಣಿನ ಸಿಲಿಕಾವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳನ್ನು ಮೇಲೆ ಉಳಿಸಿದೆ. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಕರೆದು, 1807ರಲ್ಲಿ ಪುಸ್ತಕದಲ್ಲಿ ಬರೆದ. ಬಿಸಿಲಿಗೆ ಒಡೆದ ಅದರ ಮೇಲ್ಪದರ ಕಡಲೆಕಾಳಿನ ಗಾತ್ರದ ಉರುಟು ಹರಳುಗಳಾಗಿ ದಾರಿಯ ಮೇಲೆ ಹರಡಿರುತ್ತದೆ. ಬಾಲ್ ಬೇರಿಂಗ್ ಸುರಿದು ಅದರ ಮೇಲೆ ಸೈಕಲ್ ಬಿಟ್ಟಂತೆ. ಬ್ರೇಕ್ ಹಿಡಿದರೆ ಜಾರುತ್ತದೆ, ಬಿಟ್ಟರೆ ಓಡುತ್ತದೆ.

ಗೇರುಮರಗಳ ನಡುವೆ ಒಂದು ಏರು. ಪಕ್ಕದಲ್ಲಿ ಕೆಂಪುಕಲ್ಲಿನ ಕೋರೆ. ಮುಂದಿನ ಅತಿ ಸಣ್ಣ ಗಿಯರಿಗೆ 24 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 28. ಪೆಡಲ್ ಒಂದು ಸುತ್ತು ಸುತ್ತಿದರೆ ಸೈಕಲ್ ಮುಂದೆ ಹೋಗುವುದು ಎರಡು ಮೀಟರಿಗೂ ಕಡಿಮೆ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಆರೂವರೆ ಕಿ.ಮೀ. ಅದನ್ನೂ ತುಳಿಯಲಾಗದೆ ಏದುಸಿರು ಬಿಡುತ್ತಿದ್ದಾಗ ಪಕ್ಕದಲ್ಲಿ ಒಬ್ಬರು ಸೈಕಲ್ ಇಳಿದು ಆರಾಮವಾಗಿ ತಳ್ಳಿಕೊಂಡು ಬಂದರು. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನಲವತ್ತೈದು ಇರಬಹುದು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

‘ಇಳಿ ಮಾರಾಯ. ನಡೆದರೆ ಎಂತ ಆಗ್ತದೆ? ಸೈಕಲ್ ಕೂಡ ನಮ್ಮೊಟ್ಟಿಗೇ ಬರ್ತದಲ್ಲ’ ಎಂದರು.

ಇಳಿದೆ. ಅಕ್ಕನ ವೇಗಕ್ಕೂ ನನ್ನ ವೇಗಕ್ಕೂ ವ್ಯತ್ಯಾಸವೇ ಇರಲಿಲ್ಲ. ತುಳಿಯುವಾಗ ಇದ್ದ ಏದುಸಿರು ಮಾತ್ರ ನಿಂತಿತು. ಸೈಕಲ್ ತಳ್ಳುವುದು ಸೋಲು ಎಂದು ನಾವು ಯಾಕೆ ಅಂದುಕೊಂಡಿದ್ದೇವೆ ಎಂದು ಆ ಏರು ಮುಗಿಯುವವರೆಗೂ ಯೋಚಿಸಿದೆ.

ಏರು ಮುಗಿದರೆ ವಿಶಾಲ ಪದವು. ಒಣಗಿದ ಮುಳಿಹುಲ್ಲು, ಎದುರಿಗೆ ದೂರದಲ್ಲಿ ಮುಡಿಪು ಬಳಿಯ ಇನ್ಫೊಸಿಸ್ ಕ್ಯಾಂಪಸ್ಸಿನ ಗಾಜಿನ ಕಟ್ಟಡಗಳು. ನಮ್ಮ ತರಗತಿಯಲ್ಲಿ ಅರ್ಧ ಮಂದಿಯ ಮನೆಯವರು ಮಗ, ಮಗಳು ಅಂಥದ್ದೊಂದು ಗೇಟಿನೊಳಗೆ ಹೋಗಲಿ ಎಂದೇ ಬಿಇಗೆ ಸೇರಿಸಿದ್ದು. ನನ್ನ ಅಮ್ಮನೂ ಹಾಗೆಯೇ. ಸೈಕಲ್ ಹ್ಯಾಂಡಲ್ ಹಿಡಿದು ಒಂದು ನಿಮಿಷ ನೋಡಿದೆ. ಮುಡಿಪಿನ ಚೆಕ್‌ಪಾಯಿಂಟಿನಲ್ಲಿ ಸಹಿ ಹಾಕುವಾಗ ಗಂಟೆ 8.20. ಎರಡು ಬನ್ಸ್, ಒಂದು ಲೋಟ ಪುನರ್ಪುಳಿ ಶರಬತ್ತು. ಸಮಯ ಬೇಕಾದಷ್ಟಿತ್ತು.

ಕಮ್ಮಾರಸಾಲೆಯ ಮೂರು ಗಂಟೆ

ಮುಡಿಪು ದಾಟಿ ಇನೋಳಿಯ ಕಡೆ ಇಳಿಯುವಾಗ ಹಿಂದಿನ ಚಕ್ರಕ್ಕೆ ಬಿದಿರಿನ ಮುಳ್ಳು. ಚಕ್ರ ಬಿಚ್ಚಿ, ಟ್ಯೂಬು ಬದಲಾಯಿಸಿ, ಕೈಪಂಪಿನಲ್ಲಿ ಗಾಳಿ ಹಾಕುವಷ್ಟರಲ್ಲಿ 25 ನಿಮಿಷ. ದೇವಂದಬೆಟ್ಟದ ಏರು ಮುಗಿಸಿ ಪಾವೂರಿನ ಕಡೆಯ ಅಡಿಕೆ ತೋಟಗಳ ದಾರಿಗೆ ಇಳಿದರೆ ಇನ್ನೊಂದು. ಈ ಬಾರಿ ಕಲ್ಲಿನ ಚೂಪು ಅಂಚು ಟೈರಿನ ಪಕ್ಕವನ್ನೇ ಕೊಯ್ದಿತ್ತು. ಟ್ಯೂಬಿಗೆ ಪ್ಯಾಚ್ ಹಾಕಬಹುದು, ಹರಿದ ಟೈರಿಗೆ? ಹಿಂದಿನಿಂದ ಬಂದ ಅಕ್ಕ ತಮ್ಮ ಚೀಲದಿಂದ ಹಳೆಯ ಟೈರಿನ ಒಂದು ತುಂಡು ತೆಗೆದು ಕೊಟ್ಟರು. ಅದನ್ನು ಹರುಕಿನ ಒಳಗಿನಿಂದ ಇಟ್ಟು ಟ್ಯೂಬು ತುಂಬಿಸಿದೆ. ಮತ್ತೆ 30 ನಿಮಿಷ ಹೋಯಿತು. ಸವಾರರು ಒಬ್ಬರಿಗೊಬ್ಬರು ಸಹಾಯ ಮಾಡಬಹುದು, ಹೊರಗಿನವರು ಮಾಡುವಂತಿಲ್ಲ.

ಈ ನಿಯಮ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವುದು 1913ರ ಟೂರ್ ಡಿ ಫ್ರಾನ್ಸ್ ಕಥೆ. ಆಗ ಪರ್ವತದ ದಾರಿಗಳೆಲ್ಲ ಕಲ್ಲುಮಣ್ಣೇ. ಗೆಲ್ಲುವ ಸ್ಥಿತಿಯಲ್ಲಿದ್ದ ಯೂಜಿನ್ ಕ್ರಿಸ್ಟೋಫ್ ಎಂಬವರ ಸೈಕಲ್ಲಿನ ಮುಂದಿನ ಫೋರ್ಕ್ ಟುರ್ಮಾಲೆ ಬೆಟ್ಟದ ಇಳಿಜಾರಿನಲ್ಲಿ ಮುರಿಯಿತು. ಸೈಕಲ್ ಹೆಗಲಿಗೇರಿಸಿ ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಕೆಳಗಿನ ಹಳ್ಳಿ ಮುಟ್ಟಿದ ಅವರು ಅಲ್ಲಿನ ಕಮ್ಮಾರಸಾಲೆಯಲ್ಲಿ ಕಬ್ಬಿಣ ಕಾಯಿಸಿ, ಬಡಿದು, ತಮ್ಮ ಕೈಯಾರೆ ಫೋರ್ಕ್ ಬೆಸೆದರು. ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡಿದರು. ತಿದಿ ಒತ್ತಿದ್ದು ಒಬ್ಬ ಹುಡುಗ ಎಂಬ ಕಾರಣಕ್ಕೆ ಅದರ ಮೇಲೆ ದಂಡದ ನಿಮಿಷಗಳನ್ನೂ ಸೇರಿಸಿದರು! ಕ್ರಿಸ್ಟೋಫ್ ಆ ಟೂರ್ ಗೆಲ್ಲಲಿಲ್ಲ. ಆದರೆ ರೇಸ್ ಪೂರ್ತಿ ಮುಗಿಸಿ ಏಳನೆಯವರಾದರು. ಆ ವರ್ಷ ಗೆದ್ದವರ ಹೆಸರು ಹೇಳಿ ಎಂದರೆ ಸೈಕ್ಲಿಂಗ್ ಹುಚ್ಚಿನವರೂ ಸ್ವಲ್ಪ ತಡವರಿಸುತ್ತಾರೆ, ಕಮ್ಮಾರಸಾಲೆ ಮಾತ್ರ ಎಲ್ಲರಿಗೂ ಗೊತ್ತು.

ಹರೇಕಳದಿಂದ ಆಚೆ

ಹರೇಕಳ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹರೇಕಳ ಹಾಜಬ್ಬ ಅವರ ಊರು ಇದು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ, ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಉತ್ತರಿಸಲಾಗಲಿಲ್ಲ. ಆ ನೋವಿನಿಂದ ತಮ್ಮೂರ ಮಕ್ಕಳಿಗೆ ನ್ಯೂಪಡ್ಪುವಿನಲ್ಲಿ ಶಾಲೆ ಆಗುವವರೆಗೂ ಕಚೇರಿಯಿಂದ ಕಚೇರಿಗೆ ಅಲೆದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಪ್ರಾಥಮಿಕ ಶಾಲೆಯಲ್ಲಿ ಈ ಕಥೆ ಕೇಳಿದಾಗ ಅವರು ಒಳ್ಳೆಯ ಮನುಷ್ಯ ಅಂದುಕೊಂಡಿದ್ದೆ. ಆ ದಿನ ಸುಸ್ತಾಗಿ ಅದೇ ಊರಲ್ಲಿ ಬೊಂಡ ಕುಡಿಯುತ್ತ ನಿಂತಾಗ ಬೇರೆಯೇ ಅನ್ನಿಸಿತು. ಯಾವ ಅರ್ಜಿಯ ಯಾವ ಕಾಲಮಿನಲ್ಲಿ ತುಂಬಲು ಅವರ ಬಳಿ ಅಂಕ ಇತ್ತು?

ಬೊಂಡ ಕೆತ್ತಿ ಕೊಟ್ಟ ಅಜ್ಜ ನನ್ನ ಕೆಂಪಾದ ಕಾಲು, ಕೆಂಪಾದ ಬಟ್ಟೆ ನೋಡಿ, ‘ಎಲ್ಲಿಂದ ಬರುವುದು ಮಗ? ಬಸ್ ಇಲ್ಲವಾ?’ ಎಂದರು. ಸೈಕಲ್ ಸವಾರಿ ಎಂದೆ. ‘ಗೆದ್ದರೆ ಎಷ್ಟು ಕೊಡ್ತಾರೆ?’ ಏನೂ ಇಲ್ಲ ಎಂದೆ. ಅಜ್ಜ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಎಳೆ ಗಂಜಿಯ ಇನ್ನೊಂದು ಬೊಂಡ ಕೆತ್ತಿ ಕೈಗಿಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲು ಇಲ್ಲಿ ನದಿ ದಾಟಲು ದೋಣಿಯೇ ಗತಿ. ಈಗ ಹರೇಕಳ–ಅಡ್ಯಾರ್ ಕಿಂಡಿ ಅಣೆಕಟ್ಟಿನ ಮೇಲೆ ಸೇತುವೆ ಇದೆ. ಅದರ ಮೇಲೆ ಬಂದಾಗ ಗಂಟೆ 11.25. ನೇತ್ರಾವತಿ ತುಂಬಿ ನಿಂತಿತ್ತು. ಅಡ್ಯಾರ್ ಹೆದ್ದಾರಿ, ಪಡೀಲ್, ಪಂಪ್‌ವೆಲ್, ಕಂಕನಾಡಿ. ಇನ್ನು 12 ಕಿ.ಮೀ. ಕೈ ಜೋಮು, ಕಾಲು ಸ್ನಾಯುಸೆಳೆತ, ಹಿಂದಿನ ಟೈರಿನಲ್ಲಿ ಒಳಗಿಟ್ಟ ತುಂಡು ಪ್ರತಿ ಸುತ್ತಿಗೂ ಒಮ್ಮೆ ‘ಟಕ್’ ಎನ್ನುತ್ತಿತ್ತು. ನಗರದ ಏರುಗಳು ಮಂಗಳೂರಿನವರಿಗೆ ಗೊತ್ತೇ ಇವೆ. ಬೈಕಿನಲ್ಲಿ ಹೋಗುವಾಗ ಅವು ಕಾಣುವುದಿಲ್ಲ, ಅಷ್ಟೇ.

ಕ್ರೀಡಾಂಗಣದ ಎದುರು ಬಂದು ನಿಂತಾಗ 12.09.

ಗೇಟಿನ ಕಟ್‌ಆಫ್, ದಾರಿಯ ಕಟ್‌ಆಫ್

ಮೇಜಿನ ಮೇಲೆ ಉದ್ದ ನೋಟ್‌ಬುಕ್. ನನ್ನ ಹೆಸರಿನ ಮುಂದೆ ‘6 ಗಂಟೆ 9 ನಿಮಿಷ’ ಎಂದು ಬರೆದು, ಪಕ್ಕದ ಕಾಲಮಿನಲ್ಲಿ ‘ಸಮಯ ಮೀರಿದೆ’ ಎಂದು ಬರೆದರು. ಸಮಯದೊಳಗೆ ಬಂದವರಿಗೆ ಒಂದು ಸಣ್ಣ ಬ್ಯಾಡ್ಜ್ ಇತ್ತು, ನನಗೆ ಸಿಗಲಿಲ್ಲ. ಅನುಕಂಪದಿಂದ ಯಾರೂ ಕೊಡಲೂ ಬರಲಿಲ್ಲ. ಎಲ್ಲರಿಗೂ ಇದ್ದ ಗಂಜಿ, ಚಟ್ನಿ ಮಾತ್ರ ನನಗೂ ಇತ್ತು. ನನಗಿಂತ ಹತ್ತು ನಿಮಿಷ ಹಿಂದೆ ಅಕ್ಕ ಬಂದರು. ಅವರ ಹೆಸರಿನ ಮುಂದೆಯೂ ಅದೇ ಎರಡು ಪದ. ಟೈರಿನ ತುಂಡಿಗೆ ಥ್ಯಾಂಕ್ಸ್ ಹೇಳಿದರೆ, ‘ವಾಪಸ್ ಕೊಡಬೇಡ, ಮುಂದಿನ ಸಲ ಯಾರಿಗಾದರೂ ಬೇಕಾಗ್ತದೆ’ ಎಂದು ಗಂಜಿಗೆ ಕೂತರು.

ಬೇಸರ ಆಗಲಿಲ್ಲವೇ? ಆಯಿತು. ಆರು ಗಂಟೆ ತುಳಿದು ಒಂಬತ್ತು ನಿಮಿಷಕ್ಕೆ ತಪ್ಪಿದರೆ ಯಾರಿಗಾದರೂ ಆಗುತ್ತದೆ. ಆದರೆ ಪಿಯುಸಿಯ 57ರ ಬೇಸರಕ್ಕೂ ಇದಕ್ಕೂ ಅಜಗಜಾಂತರ. ಯಾಕೆ ಎಂದು ಅರ್ಥ ಮಾಡಿಕೊಳ್ಳಲು ಒಂದು ವಾರ ಹಿಡಿಯಿತು.

ಒಂದು ಕಟ್‌ಆಫ್ ಗೇಟಿನಲ್ಲಿ ಇರುತ್ತದೆ. ನೀವು ಒಳಗೆ ಬರಬಹುದೋ ಇಲ್ಲವೋ ಎಂದು ಅದು ನಿಮ್ಮ ಹಳೆಯ ಕಾಗದ ನೋಡಿ ಹೇಳುತ್ತದೆ. ಇನ್ನೊಂದು ಕಟ್‌ಆಫ್ ದಾರಿಯ ಕೊನೆಯಲ್ಲಿ ಇರುತ್ತದೆ. ಅದು ಮೊದಲು ಎಲ್ಲರನ್ನೂ ಹೊರಡಲು ಬಿಡುತ್ತದೆ, ಆಮೇಲೆ ಅಳೆಯುತ್ತದೆ. ಎರಡನೆಯದು ಮೃದು ಎಂದಲ್ಲ. ಒಂಬತ್ತು ನಿಮಿಷವನ್ನೂ ಅದು ಬಿಡಲಿಲ್ಲ. ಆದರೂ ಆ 6 ಗಂಟೆ 9 ನಿಮಿಷ ನನ್ನದೇ. ಎಲ್ಲಿ ನಡೆದೆ, ಎಲ್ಲಿ ಮುಳ್ಳು ಚುಚ್ಚಿತು, ಎಲ್ಲಿ ಕಾಲು ಸೋತಿತು ಎಂದು ನನಗೆ ಗೊತ್ತು. ಮುಂದಿನ ಸಲ ಎಲ್ಲಿ ಒಂಬತ್ತು ನಿಮಿಷ ಉಳಿಸಬಹುದು ಎಂದೂ ಗೊತ್ತು. 57ನ್ನು ಏನು ಮಾಡಲಿ? ಅದನ್ನು ಇನ್ನು ತಿದ್ದಲಾಗದು.

ಸಾವಿರ ಅರ್ಜಿ ಬಂದಾಗ ಕಂಪನಿಗಳಿಗೂ ಸೋಸಲು ಒಂದು ಜರಡಿ ಬೇಕು, ನಿಜ. ಅದರ ಮೇಲೆ ಸಿಟ್ಟು ಮಾಡಿಕೊಂಡು ಹಾಸ್ಟೆಲಿನ ಕೋಣೆಯಲ್ಲಿ ಕೂತರೆ ಜರಡಿಯ ತೂತು ದೊಡ್ಡದಾಗುವುದಿಲ್ಲ. ನಾನು ಮಾಡಿದ್ದು ಇಷ್ಟು: ಹಳೆಯ ಅಂಕ ಕೇಳದೆ ನೇರವಾಗಿ ಟೆಸ್ಟ್ ಅಥವಾ ಪ್ರಾಜೆಕ್ಟ್ ನೋಡುವ ಅವಕಾಶಗಳ ಪಟ್ಟಿ ಮಾಡಿದೆ. ಆಫ್ ಕ್ಯಾಂಪಸ್ ಡ್ರೈವ್, ಹ್ಯಾಕಥಾನ್, ಸಣ್ಣ ಕಂಪನಿಗಳ ಇಂಟರ್ನ್‌ಷಿಪ್, ಗೇಟ್ ಪರೀಕ್ಷೆ. ಗೇಟ್ ಬರೆಯಲು ಮೂರನೇ ವರ್ಷದವರಿಗೂ ಅವಕಾಶ ಇದೆ, ಪಿಯುಸಿ ಅಂಕದ ಷರತ್ತಿಲ್ಲ. ಹೆಸರೇ ‘ಗೇಟ್’ ಆದರೂ ಅದರ ಗೇಟು ತೆರೆದಿದೆ! ಪಟ್ಟಿ ಉದ್ದವಿಲ್ಲ, ಆದರೆ ಖಾಲಿಯೂ ಅಲ್ಲ. ಈವರೆಗೆ ಎರಡು ಕಡೆ ಟೆಸ್ಟ್ ಬರೆದಿದ್ದೇನೆ. ಒಂದರಲ್ಲಿ ಆಗಲಿಲ್ಲ, ಇನ್ನೊಂದರ ಫಲಿತಾಂಶ ಬರಬೇಕು.

ನೀವೂ ಒಮ್ಮೆ ಹೊರಡುವುದಾದರೆ

ಲಕ್ಷದ ಸೈಕಲ್ ಬೇಡ. ಬ್ರೇಕ್ ಸರಿಯಿರುವ ಯಾವುದೇ ಸೈಕಲ್, ಸ್ವಲ್ಪ ಅಗಲದ ಟೈರು ಸಾಕು. ಹೆಲ್ಮೆಟ್ ಮಾತ್ರ ಬೇಕೇ ಬೇಕು. ಎರಡು ಟ್ಯೂಬು, ಪ್ಯಾಚ್ ಕಿಟ್, ಕೈಪಂಪು, ಟೈರು ಬಿಚ್ಚುವ ಲಿವರ್, ಹಳೆಯ ಟೈರಿನ ಅಂಗೈ ಅಗಲದ ಒಂದು ತುಂಡು. ಎರಡು ಲೀಟರ್ ನೀರು, ಬೆಲ್ಲ, ಬಾಳೆಹಣ್ಣು, ಒಂದು ಚಿಟಿಕೆ ಉಪ್ಪು. ಮಳೆಗಾಲದಲ್ಲಿ ಕೆಂಪುಕಲ್ಲು ಪಾಚಿ ಹಿಡಿದು ಜಾರುತ್ತದೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ನೀರು ತುಂಬಿದ ಹಳೆಯ ಕೋರೆಗಳ ಹತ್ತಿರ ಒಬ್ಬರೇ ಹೋಗಬೇಡಿ. ತೋಟದ ದಾರಿ ಎಂದರೆ ಯಾರದೋ ಮನೆಯ ಅಂಗಳ, ಕೇಳಿ ದಾಟಿ. ಮೊದಲ ದಿನ 64 ಬೇಡ, 15 ಕಿ.ಮೀ. ಸಾಕು. ಏರು ಬಂದರೆ ಇಳಿದು ತಳ್ಳಿ, ಯಾರೂ ನಗುವುದಿಲ್ಲ. ನಕ್ಕರೆ ಅವರು ಆ ಏರು ಹತ್ತಿದವರಲ್ಲ ಎಂದು ತಿಳಿಯಿರಿ.

ನನ್ನ ಟೈರಿನ ಹರುಕಿಗೆ ಹೊರಗಿನಿಂದ ಹೊಲಿಗೆ ಹಾಕಿಸಿದ್ದೇನೆ. ಅಕ್ಕ ಕೊಟ್ಟ ತುಂಡು ಈಗ ಸೈಕಲ್ಲಿನ ಚೀಲದಲ್ಲಿದೆ. ಮಳೆ ಮುಗಿದ ಮೇಲೆ ಅದೇ ದಾರಿಯಲ್ಲಿ ಮತ್ತೊಂದು ಸವಾರಿ ಇದೆಯಂತೆ. ಸಮಯ ಅದೇ ಆರು ಗಂಟೆ. ಹೆಸರು ಕೊಟ್ಟಿದ್ದೇನೆ.